ಕಡಲನ್ನು ಅಳೆಯಲು ಒಂದೇ ಸೇರು

ಕಚ್ಚಾ ಸೇರು, ಪಕ್ಕಾ ಸೇರು ಎಂದು ಊರೂರಿಗೆ ಅಳತೆ ಬೇರೆಯಾಗಿದ್ದ ಕಾಲದಲ್ಲಿ, ಸಂತೆಯಿಂದ ಸಂತೆಗೆ ಹೋಗುವ ವ್ಯಾಪಾರಿ ದರ ಕೇಳುವ ಮೊದಲು ಸೇರು ಎಷ್ಟರದು ಎಂದು ಕೇಳಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಕಡಲ ವಿಜ್ಞಾನಿಗಳ ಪಾಡೂ ಹೆಚ್ಚುಕಡಿಮೆ ಇದೇ. ಕಡಲು ಒಂದೇ, ಅದನ್ನು ಅಳೆಯುವ ದೇಶಗಳು ಹಲವು. ಒಬ್ಬರ ಅಂಕಿಯನ್ನು ಇನ್ನೊಬ್ಬರ ಅಂಕಿಯ ಪಕ್ಕದಲ್ಲಿಟ್ಟು ನಂಬುವಂತಿರಲಿಲ್ಲ. ಇದಕ್ಕೊಂದು ದಾರಿ ಹುಡುಕಲು 1899ರಲ್ಲಿ ಸ್ಟಾಕ್‌ಹೋಮಿನಲ್ಲಿ, 1901ರಲ್ಲಿ ಕ್ರಿಸ್ಟಿಯಾನಿಯಾದಲ್ಲಿ (ಇಂದಿನ ಓಸ್ಲೊ) ಸಭೆಗಳು ನಡೆದವು. 1902ರ ಜುಲೈ 22ರಂದು ಎಂಟು ದೇಶಗಳು ಸೇರಿ ಕೋಪನ್‌ಹೇಗನ್‌ನಲ್ಲಿ ಸಮುದ್ರ ಪರಿಶೋಧನೆಗಾಗಿ ಒಂದು ಅಂತರರಾಷ್ಟ್ರೀಯ ಮಂಡಳಿ ಕಟ್ಟಿಕೊಂಡವು. ಐಸಿಇಎಸ್ ಎಂದು ಕರೆಯುವ ಈ ಮಂಡಳಿಯಲ್ಲಿ ಈಗ ಇಪ್ಪತ್ತು ದೇಶಗಳಿವೆ. ಅದರ ವಾರ್ಷಿಕ ವಿಜ್ಞಾನ ಸಮ್ಮೇಳನಕ್ಕೆ ಹಿರಿಯ ಸಂಶೋಧಕರ ಜೊತೆ ಪಿಎಚ್‌.ಡಿ. ವಿದ್ಯಾರ್ಥಿಗಳೂ ಬರುತ್ತಾರೆ. ಇಂಥ ಸಮ್ಮೇಳನವೆಂದರೆ ಪ್ರಬಂಧ ಓದಿ, ಶಾಲು ಹೊದ್ದು, ಗುಂಪು ಫೋಟೊ ತೆಗೆಸಿಕೊಳ್ಳುವ ವಾರ್ಷಿಕ ಜಾತ್ರೆ ಎಂಬ ಭಾವನೆ ನಮ್ಮಲ್ಲಿದೆ, ಅದಕ್ಕೆ ಕಾರಣಗಳೂ ಇಲ್ಲದಿಲ್ಲ. ಆದರೆ ಕಡಲ ವಿಜ್ಞಾನದ ಮಟ್ಟಿಗೆ ಇಂಥ ಕೂಟವೇ ಒಂದು ಮಾಪನ ಉಪಕರಣ, ಹಡಗು ಮತ್ತು ಥರ್ಮಾಮೀಟರುಗಳಷ್ಟೇ ಅಗತ್ಯವಾದದ್ದು ಎಂಬುದು ನನ್ನ ವಾದ.

ಉಪ್ಪಿನಿಂದಲೇ ಶುರುಮಾಡೋಣ. ಆಳ ಸಾಗರದ ಬಹುಪಾಲು ನೀರಿನಲ್ಲಿ ಕಿಲೋಗೆ 34.5ರಿಂದ 35 ಗ್ರಾಂ ಉಪ್ಪಿರುತ್ತದೆ. ನಾಲಿಗೆಗೆ ಏನೇನೂ ತಿಳಿಯದ ಈ ಅರ್ಧ ಗ್ರಾಮಿನೊಳಗೇ ಯಾವ ನೀರು ಭಾರ, ಯಾವುದು ಹಗುರ, ಪ್ರವಾಹ ಯಾವ ಕಡೆಗೆ ಎಂಬ ಲೆಕ್ಕದ ಒಂದು ಪಾಲು ಅಡಗಿದೆ. ಸಾಂದ್ರತೆಯ ವ್ಯತ್ಯಾಸದಿಂದಲೇ ಪ್ರವಾಹದ ವೇಗವನ್ನು ಅಂದಾಜು ಮಾಡುವುದರಿಂದ, ಇಬ್ಬರ ಅಳತೆಯಲ್ಲಿ ಒಂದಿಷ್ಟು ಹೆಚ್ಚುಕಡಿಮೆಯಾದರೂ ನಕ್ಷೆಯ ಮೇಲೆ ಇಲ್ಲದ ಪ್ರವಾಹವೊಂದು ಹರಿಯತೊಡಗುತ್ತದೆ. ಆಗಿನ ವಿಧಾನ ಸರಳ: ಅಳೆದ ನೀರಿಗೆ ಹಳದಿ ಬಣ್ಣದ ಸೂಚಕ ಬೆರೆಸಿ, ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುವುದು, ಬಿಳಿ ಗಸಿ ಕೂರುತ್ತಾ ಹೋಗಿ, ಯಾವ ಹನಿಗೆ ಕೆಂಪು ಛಾಯೆ ನಿಲ್ಲುತ್ತದೋ ಅಲ್ಲಿಗೆ ಲೆಕ್ಕ ಮುಗಿಯಿತು. ಆದರೆ ಆ ದ್ರಾವಣ ಎಷ್ಟು ಗಟ್ಟಿ ಎಂದು ತಿಳಿಯಲು ಎಲ್ಲರ ಬಳಿಯೂ ಒಂದೇ ಪ್ರಮಾಣದ ನೀರು ಬೇಕಲ್ಲ? ಡೆನ್ಮಾರ್ಕಿನ ಮಾರ್ಟಿನ್ ಕ್ನುಡ್ಸನ್ ಕಂಡುಕೊಂಡ ಉತ್ತರವೇ ‘ಪ್ರಮಾಣಿತ ಸಮುದ್ರ ನೀರು’. ಉಪ್ಪಿನಂಶವನ್ನು ನಿಖರವಾಗಿ ನಿಗದಿಮಾಡಿ, ಗಾಜಿನ ನಳಿಕೆಗಳಲ್ಲಿ ತುಂಬಿ, ಬಾಯನ್ನು ಕರಗಿಸಿ ಮುಚ್ಚಿದ ನೀರು. 1970ರ ದಶಕದವರೆಗೂ ಜಗತ್ತಿನ ಪ್ರಯೋಗಾಲಯಗಳು ಕೋಪನ್‌ಹೇಗನ್‌ನಿಂದ ಬಂದ ಈ ನೀರಿಗೆ ತಮ್ಮ ಅಳತೆಯನ್ನು ತಾಳೆ ಹಾಕುತ್ತಿದ್ದವು. ನೀರನ್ನು ತಯಾರಿಸಿದ್ದು ಒಬ್ಬರಿರಬಹುದು. ಅದನ್ನೇ ಪ್ರಮಾಣವೆಂದು ಎಲ್ಲರೂ ಒಪ್ಪಿದ್ದು ಕೂತು ಮಾತಾಡಿದ್ದರಿಂದ.

ಈಗ ಯಂತ್ರಗಳೇ ಅಳೆಯುವಾಗ ಮನುಷ್ಯರು ಕೂತು ಮಾತಾಡುವುದೇಕೆ ಎಂದು ಕೇಳಬಹುದು. ಸುಮಾರು 4,000 ಆರ್ಗೊ ತೇಲುಯಂತ್ರಗಳು ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೇರಿ ಉಪಗ್ರಹಕ್ಕೆ ವರದಿ ಒಪ್ಪಿಸುತ್ತವೆ, ನಿಜ. ಆದರೆ ಇದೇ ಯಂತ್ರಗಳ ಅಂಕಿಗಳನ್ನೂ ಸೇರಿಸಿಕೊಂಡು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ, 2003ರಿಂದ 2005ರ ನಡುವೆ ಮೇಲ್ಪದರದ ಸಾಗರ ತಣ್ಣಗಾಗಿದೆ ಎಂದಿತು. ಮರುವರ್ಷ ಅದರ ಲೇಖಕರೇ ತಿದ್ದಿಕೊಂಡರು: ಕೆಲವು ತೇಲುಯಂತ್ರಗಳು ಆಳವನ್ನು ತಪ್ಪಾಗಿ ದಾಖಲಿಸಿದ್ದವು, ಹಡಗಿನಿಂದ ಬಿಡುವ ಹಳೆಯ ಮಾದರಿಯ ಶೋಧಕಗಳು ಬಿಸಿಯನ್ನು ಹೆಚ್ಚಾಗಿ ತೋರಿಸುತ್ತಿದ್ದವು. ಎರಡು ತಪ್ಪು ಸೇರುಗಳ ನಡುವೆ ಸಾಗರ ‘ತಣ್ಣಗಾಗಿತ್ತು’. ತಪ್ಪು ಬಯಲಾದದ್ದು ಬೇರೆ ಬೇರೆ ಅಳತೆಗಳನ್ನು ಒಂದರ ಎದುರು ಒಂದಿಟ್ಟು ನೋಡಿದಾಗ.

ಮೀನಿನ ವಿಷಯಕ್ಕೆ ಬಂದರೆ ಇದು ಇನ್ನಷ್ಟು ಸ್ಪಷ್ಟ. ಒಂದು ವರ್ಷ ಬಲೆ ಹರಿಯುವಷ್ಟು ಮೀನು, ಇನ್ನೊಂದು ವರ್ಷ ದೋಣಿ ಖಾಲಿ: ಮಲ್ಪೆ, ಮಂಗಳೂರಿನವರು ಬೂತಾಯಿಯ ಬಗ್ಗೆ ಕೇಳುವ ಪ್ರಶ್ನೆಯನ್ನೇ ನಾರ್ವೆಯವರು ಹೆರಿಂಗ್ ಬಗ್ಗೆ ಕೇಳುತ್ತಿದ್ದರು. ಅಲ್ಲಿನ ವಿಜ್ಞಾನಿ ಯೋಹಾನ್ ಯೋರ್ಟ್ ಮತ್ತು ಸಂಗಡಿಗರು ಮರದ ಬಳೆಗಳಂತೆ ಹೆರಿಂಗಿನ ಹುರುಪೆಯ ಬಳೆಗಳನ್ನು ಎಣಿಸಿದರು. 1904ರಲ್ಲಿ ಹುಟ್ಟಿದ ಒಂದೇ ಪೀಳಿಗೆ ವರ್ಷಗಟ್ಟಲೆ ನಾರ್ವೆಯ ಬಲೆಗಳನ್ನು ತುಂಬುತ್ತಿದ್ದುದು ಗೊತ್ತಾಯಿತು. ಮೀನು ಎಲ್ಲಿಗೋ ವಲಸೆ ಹೋಗಿದೆ ಎಂದು ದೂರುವ ಬದಲು, ಯಾವ ವರ್ಷ ಎಷ್ಟು ಮರಿ ಬದುಕಿತು ಎಂದು ನೋಡಬೇಕು ಎಂಬ ಯೋರ್ಟ್ ಅವರ 1914ರ ವಾದ ಮೀನುಗಾರಿಕೆಯ ವಿಜ್ಞಾನದ ದಿಕ್ಕನ್ನೇ ಬದಲಿಸಿತು. ಇಂದು ಹಲವು ಜಾತಿಗಳಲ್ಲಿ ಹುರುಪೆಯ ಬದಲು ಕಿವಿಯೊಳಗಿನ ಪುಟ್ಟ ಕಲ್ಲನ್ನು ನೋಡುತ್ತಾರೆ. ಕಲ್ಲನ್ನು ನಡುವೆ ಮುರಿದು ಸೂಕ್ಷ್ಮದರ್ಶಕದಡಿ ಇಟ್ಟರೆ ತಿಳಿ ಮತ್ತು ಮಸುಕು ಪಟ್ಟೆಗಳು ಒಂದರ ಸುತ್ತ ಒಂದು ಕಾಣುತ್ತವೆ. ಎಣಿಸುವುದೇನು ಮಹಾ ಎನ್ನಿಸುತ್ತದೆ. ಆದರೆ ಒಂದೇ ಕಲ್ಲಿನಲ್ಲಿ ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ಐದು ಕಾಣಬಹುದು. ಮೂರು ವರ್ಷದ ಮೀನು ಬೇಗ ಬೆಳೆದದ್ದು, ಅಷ್ಟೇ ಗಾತ್ರದ ಐದು ವರ್ಷದ್ದು ನಿಧಾನವಾಗಿ ಬೆಳೆದದ್ದು. ಎಷ್ಟು ಹಿಡಿಯಬಹುದು ಎಂಬ ಲೆಕ್ಕ ಅಲ್ಲಿಂದಲೇ ಎರಡು ದಾರಿ ಹಿಡಿಯುತ್ತದೆ. ಆದ್ದರಿಂದಲೇ ಐಸಿಇಎಸ್ ಕೂಟಗಳಲ್ಲಿ ಒಂದೇ ಕಲ್ಲುಗಳನ್ನು ಹಲವು ದೇಶಗಳ ಓದುಗರ ಮುಂದಿಟ್ಟು ಉತ್ತರ ಹೋಲಿಸುವ ಕಾರ್ಯಾಗಾರಗಳು ನಡೆಯುತ್ತವೆ.

ಹೀಗೆ ಎಲ್ಲರೂ ಒಪ್ಪುವುದೆಂದರೆ ಒಂದೇ ತಪ್ಪನ್ನು ಎಲ್ಲರೂ ಒಟ್ಟಿಗೆ ಮಾಡುವುದಲ್ಲವೇ? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಪೂರ್ವ ಬಾಲ್ಟಿಕ್‌ನ ಕಾಡ್ ಮೀನಿನ ಕಥೆ ಬೇರೆಯದನ್ನೇ ಹೇಳುತ್ತದೆ. ಅಲ್ಲಿಯ ಕಾಡ್ ಕಿವಿಗಲ್ಲಿನ ಪಟ್ಟೆಗಳು ಮಂಕು. ದೇಶದಿಂದ ದೇಶಕ್ಕೆ ಓದು ಹೊಂದುತ್ತಿರಲಿಲ್ಲ. 2014ರಲ್ಲಿ ಎಂದಿನಂತೆ ವಯಸ್ಸಿನ ಆಧಾರದ ಮೇಲೆ ಮಾಡಿದ ಮೀನು ದಾಸ್ತಾನಿನ ಅಂದಾಜನ್ನು ವಿಜ್ಞಾನಿಗಳು ಒಪ್ಪಲಿಲ್ಲ. ಸರಾಸರಿ ತೆಗೆದು ಕೈತೊಳೆದುಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ. ಡೆನ್ಮಾರ್ಕ್, ಸ್ವೀಡನ್, ಜರ್ಮನಿ, ಪೋಲೆಂಡಿನ ಸಂಶೋಧಕರು ಸಾವಿರಾರು ಕಾಡ್‌ಗಳಿಗೆ ಟೆಟ್ರಾಸೈಕ್ಲಿನ್ ಚುಚ್ಚಿ, ಗುರುತುಪಟ್ಟಿ ಕಟ್ಟಿ ಕಡಲಿಗೆ ಬಿಟ್ಟರು. ಆ ಔಷಧ ಕಿವಿಗಲ್ಲಿನಲ್ಲಿ ಹೊಳೆಯುವ ಗೆರೆಯೊಂದನ್ನು ಉಳಿಸುತ್ತದೆ. ಮೀನು ಮತ್ತೆ ಸಿಕ್ಕಾಗ ಗೆರೆಯಾಚೆ ಎಷ್ಟು ಬೆಳೆದಿದೆ ಎಂದು ನೋಡಿದರಾಯಿತು. 2019ರಲ್ಲಿ ಹೊಸ ಅಂದಾಜು ಸಿದ್ಧವಾದಾಗ ಮೀನಿನ ಸ್ಥಿತಿ ತೀರಾ ಕೆಟ್ಟಿರುವುದು ಕಂಡು, ಐರೋಪ್ಯ ಒಕ್ಕೂಟ ಅದೇ ವರ್ಷ ತುರ್ತು ನಿಷೇಧ ಹೇರಿತು. ಒಪ್ಪಿಗೆ ಇಲ್ಲ ಎಂದು ಬಾಯಿಬಿಟ್ಟು ಹೇಳುವ ಜಾಗವೊಂದು ಇದ್ದದ್ದರಿಂದಲೇ ಇದು ಸಾಧ್ಯವಾಯಿತು. ಆ ಐದು ವರ್ಷ ಕಾಡ್‌ಗೆ ದುಬಾರಿಯಾಯಿತು ಎನ್ನುವವರ ಮಾತಿನಲ್ಲೂ ಹುರುಳಿದೆ.

ವಿಮಾನದಲ್ಲಿ ಹಾರಿ ಬಂದು ಹವಾಮಾನದ ಬಗ್ಗೆ ಚರ್ಚಿಸುವ ವಿಪರ್ಯಾಸವನ್ನೂ ಒಪ್ಪಬೇಕು. ಕೊರೊನಾ ಕಾಲದಲ್ಲಿ, 2021ರ ಸಮ್ಮೇಳನ ಪೂರ್ತಿ ಆನ್‌ಲೈನ್ ನಡೆಯಿತು, ಭಾಷಣ ಕೇಳಲು ಅದು ಸಾಕು. ವರ್ಷಬಿಟ್ಟು ವರ್ಷ ಹಾಗೇ ಮಾಡಿದರೂ ದೊಡ್ಡ ನಷ್ಟವಿಲ್ಲ ಎಂದೇ ನನಗನ್ನಿಸುತ್ತದೆ. ಆದರೆ ಮಂಕು ಪಟ್ಟೆಯನ್ನು ಬಳೆಯೆಂದು ಎಣಿಸಬೇಕೋ ಬೇಡವೋ ಎಂಬುದು ಕಣ್ಣಿಗೆ ಕೂರುವ ವಿದ್ಯೆ. ಮೂವತ್ತು ವರ್ಷ ಕಲ್ಲು ಓದಿದವರ ಪಕ್ಕದಲ್ಲಿ ಕೂತು, ‘ಇದು ಚಳಿಗಾಲದ್ದಲ್ಲ, ಸುಳ್ಳು ಬಳೆ’ ಎನ್ನಿಸಿಕೊಂಡೇ ವಿದ್ಯಾರ್ಥಿ ಅದನ್ನು ಕಲಿಯಬೇಕು.

ಕುರ್ಚಿಯೊಂದು ಖಾಲಿಯಾದರೆ ಏನಾಗುತ್ತದೆ ಎಂಬುದೂ ಈಚೆಗೆ ಕಂಡಿದೆ. 1902ರ ಎಂಟು ದೇಶಗಳಲ್ಲಿ ರಷ್ಯಾವೂ ಒಂದು. ಉಕ್ರೇನ್ ಮೇಲಿನ ದಾಳಿಯ ಬಳಿಕ, 2022ರ ಮಾರ್ಚ್‌ನಲ್ಲಿ, ಮಂಡಳಿಯ ಕೆಲಸಗಳಲ್ಲಿ ಅದರ ಭಾಗವಹಿಸುವಿಕೆಯನ್ನು ತಡೆಹಿಡಿಯಲಾಯಿತು. ರಾಜಕೀಯವಾಗಿ ಸರಿಯಾದ ಕ್ರಮವೇ ಇರಬಹುದು. ಆದರೆ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ನಾರ್ವೆಯ ನೀರಿಗೂ ರಷ್ಯಾದ ನೀರಿಗೂ ಓಡಾಡುತ್ತದೆ. ಅರ್ಧ ಕಡಲಿನ ಅಂಕಿಗಳನ್ನಿಟ್ಟುಕೊಂಡು ಅದನ್ನು ಎಣಿಸಲಾಗದು. ಹಾಗಾಗಿ ಆ ಮೀನಿನ ಲೆಕ್ಕ ಐಸಿಇಎಸ್ ಕೈಬಿಟ್ಟು ಎರಡೂ ದೇಶಗಳ ಸಂಶೋಧಕರ ಪುಟ್ಟ ಜಂಟಿ ತಂಡದ ಪಾಲಿಗೆ ಬಂತು. ಮೊದಲು ಹಲವು ದೇಶಗಳ ಕಣ್ಣು ತಾಳೆ ನೋಡುತ್ತಿದ್ದ ಅಂಕಿಗಳನ್ನು ಈಗ ತಾಳೆ ನೋಡುವವರು ಇಬ್ಬರೇ.