ದುಡ್ಡು ಯಾರು ಕೊಡ್ತಾರೆ? ಗೋಖಲೆ ಮಸೂದೆ ಬಿದ್ದ ಕಥೆ

ಶಿಕ್ಷಣ ಹಕ್ಕು ಕಾಯ್ದೆ ಅಂದ್ರೆ ನಮಗೆಲ್ಲ ನೆನಪಾಗೋದು ಎರಡೇ. ಒಂದು ಲಾಟರಿ, ಇನ್ನೊಂದು ಖಾಸಗಿ ಶಾಲೆಯ ಶೇಕಡಾ 25 ಸೀಟು. ಚರ್ಚೆಗೆ ಬಂದವರೂ ಅಲ್ಲೇ ಸುತ್ತುತ್ತಾರೆ. ಆದರೆ ಈ ಜಗಳದ ಹಳೇ ಕಡತ ತೆಗೆದು ನೋಡಿ, ಅದರಲ್ಲಿ ಗೋಪಾಲಕೃಷ್ಣ ಗೋಖಲೆ ಹೆಸರಿದೆ.

ಗಾಂಧೀಜಿಯವರ ರಾಜಕೀಯ ಗುರು ಅಂತ ಒಂದು ಸಾಲು ಓದಿ ನಾವು ಮುಂದೆ ಹೋಗಿರೋ ಮನುಷ್ಯ ಇವರು. ಪುಣೆಯ ಫರ್ಗ್ಯುಸನ್ ಕಾಲೇಜಿನ ಮೇಷ್ಟ್ರು, ಅಂಕಗಣಿತದ ಪಠ್ಯಪುಸ್ತಕ ಬರೆದವರು. 1910ರ ಮಾರ್ಚ್‌ನಲ್ಲಿ, ಆಗಿನ ಸಾಮ್ರಾಜ್ಯ ಶಾಸನಸಭೆಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ನಿರ್ಣಯ ಮಂಡಿಸಿದರು. ಪರಿಶೀಲಿಸ್ತೀವಿ ಅಂತು ಸರ್ಕಾರ (ಆ ಮಾತು ಆಗಲೂ ಇತ್ತು ನೋಡಿ!). ನಿರ್ಣಯ ಹಿಂದಕ್ಕೆ ತೆಗೆದುಕೊಂಡರು. ಶಿಕ್ಷಣಕ್ಕೆ ಪ್ರತ್ಯೇಕ ಇಲಾಖೆ ಬಂತು, ಕಡ್ಡಾಯ ಶಿಕ್ಷಣ ಬರಲಿಲ್ಲ. 1911ರ ಮಾರ್ಚ್ 16ಕ್ಕೆ ಅವರೇ ಮಸೂದೆ ತಂದರು.

ಎಂಜಿನಿಯರಿಂಗ್ ಓದಿದ ನನಗೆ ಈ ಮಸೂದೆ ಒಂದು ಸರ್ಕ್ಯೂಟ್ ಥರ ಕಾಣುತ್ತೆ. ಎಲ್ಲ ಕಡೆ ಒಮ್ಮೆಗೇ ಕರೆಂಟ್ ಹರಿಸೋದಿಲ್ಲ. ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಮೊದಲು, ಹೆಣ್ಣುಮಕ್ಕಳಿಗೆ ಆಮೇಲೆ. ಒಂದು ಊರಿನಲ್ಲಿ ಮೂರರಲ್ಲೊಂದು ಪಾಲು ಹುಡುಗರಾದರೂ ಆಗಲೇ ಶಾಲೆಗೆ ಹೋಗ್ತಿರಬೇಕು ಅನ್ನೋದು ಗೋಖಲೆ ಲೆಕ್ಕ. ಆಗಲೂ ಕಡ್ಡಾಯ ಮಾಡಬೇಕೋ ಬೇಡವೋ ಅಂತ ಅಲ್ಲಿನ ಪುರಸಭೆ ಅಥವಾ ಜಿಲ್ಲಾ ಬೋರ್ಡೇ ತೀರ್ಮಾನಿಸಬೇಕು, ಅದಕ್ಕೆ ಸರ್ಕಾರ ಒಪ್ಪಬೇಕು. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಆದಾಯದವರಿಗೆ ಫೀಸಿಲ್ಲ. ಇಷ್ಟು ಸಾಧು ಮಸೂದೆಗೆ ಯಾಕೆ ಹೆದರಿದರು?

ಉತ್ತರ ಖರ್ಚಿನಲ್ಲಿದೆ. ಮೂರರಲ್ಲಿ ಒಂದು ಪಾಲು ಸ್ಥಳೀಯ ಸಂಸ್ಥೆ, ಎರಡು ಪಾಲು ಸರ್ಕಾರ ಕೊಡಲಿ ಅಂದರು ಗೋಖಲೆ. ಸ್ಥಳೀಯರು ಬೇಕಿದ್ದರೆ ಶಿಕ್ಷಣ ಸೆಸ್ ಹಾಕಲಿ. ಸರ್ಕಾರಕ್ಕೆ ಆ ಎರಡು ಪಾಲಿನ ಚಿಂತೆ, ಜಮೀನ್ದಾರರಿಗೆ ಹೊಲಕ್ಕೆ ಆಳು ಸಿಗದೆ ಹೋದೀತು ಅನ್ನೋ ಚಿಂತೆ. ಇಬ್ಬರೂ ಒಂದೇ ಕಡೆ ಕೂತರು. ಪರವಾಗಿ ಮಾತಾಡಿದವರಲ್ಲಿ ಜಿನ್ನಾ ಇದ್ದರು, ಅದು ಇವತ್ತು ಎಷ್ಟು ಜನಕ್ಕೆ ಗೊತ್ತು? 1912ರ ಮಾರ್ಚ್ 19ರಂದು ಲೆಕ್ಕ ಹಾಕಿದಾಗ ಪರ 13, ವಿರೋಧ 38. ಆಗ ದೇಶದಲ್ಲಿ ಓದು ಬರೆಯಲು ಬರ್ತಿದ್ದದ್ದು ನೂರರಲ್ಲಿ ಸುಮಾರು ಆರು ಜನಕ್ಕೆ.

ಬ್ರಿಟಿಷರು ಬೇಡ ಅಂದಿದ್ದನ್ನ ಸಂಸ್ಥಾನಗಳು ಮಾಡಿ ತೋರಿಸಿದವು. ಬರೋಡ 1906ರಲ್ಲೇ ಮಾಡಿತ್ತು. ವಿಶ್ವೇಶ್ವರಯ್ಯ ದಿವಾನರಾಗಿದ್ದ ಮೈಸೂರು 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ತಂತು. ಗೋಖಲೆ 1915ರಲ್ಲಿ ತೀರಿಕೊಂಡರು.

ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 45ನೇ ವಿಧಿ ಹತ್ತು ವರ್ಷದ ಗಡುವು ಹಾಕಿತು. ಹಕ್ಕಾಗಿ ಜಾರಿಯಾಗಿದ್ದು 2010ರ ಏಪ್ರಿಲ್ 1ಕ್ಕೆ, ಅಂದ್ರೆ ಗೋಖಲೆ ಮಸೂದೆಗೆ 99 ವರ್ಷ ಆದ ಮೇಲೆ. ಆ ಕಾಯ್ದೆಯಲ್ಲೂ ಎಡವೋ ಕಲ್ಲು ಅದೇ. ಖಾಸಗಿ ಶಾಲೆಗೆ ಸೇರಿದ ಬಡ ಮಗುವಿನ ಫೀಸನ್ನ ಸರ್ಕಾರ ತುಂಬಿಕೊಡಬೇಕು. ತುಂಬಿಕೊಟ್ಟು ಕೊಟ್ಟು ಸರ್ಕಾರಿ ಶಾಲೆ ಖಾಲಿ ಆಗ್ತಿದೆ ಅನ್ನೋ ವಾದದ ಮೇಲೆ ಕರ್ನಾಟಕ ನಿಯಮ ಬದಲಿಸಿತು. 2019-20ರಿಂದ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ. ವಾದದಲ್ಲಿ ಹುರುಳಿದೆ, ನಾನೂ ಒಪ್ತೀನಿ. ಆದರೆ ಹಾಗೆ ಉಳಿದ ದುಡ್ಡು ಪಕ್ಕದ ಸರ್ಕಾರಿ ಶಾಲೆಗೆ ಒಬ್ಬ ಮೇಷ್ಟ್ರಾಗಿ, ಒಂದು ಶೌಚಾಲಯವಾಗಿ ಹೋಯ್ತಾ ಅಂತ ಸದನದಲ್ಲಿ ಕೇಳಬೇಕಾದವರು ನಾವೇ ಆರಿಸಿ ಕಳಿಸಿರೋ ಶಾಸಕರು.