ತೊಟ್ಟಿ ತುಂಬಿದಾಗ ಕೂಗುವ ಯಂತ್ರ: ಮನೆಯಲ್ಲೇ ಮಾಡಿಕೊಳ್ಳಿ



ರಾತ್ರಿ ಕರೆಂಟು ಬಂದಾಗ ಮೋಟಾರು ಹಾಕಿ ಮಲಗುವುದು, ಬೆಳಗ್ಗೆ ಎದ್ದು ನೋಡಿದರೆ ತೊಟ್ಟಿ ತುಂಬಿ ಹರಿದು ಕೊಟ್ಟಿಗೆಯ ಮುಂದೆಲ್ಲ ಕೆಸರಾಗಿರುವುದು ನಮ್ಮಲ್ಲಿ ಅನೇಕರು ಕಂಡಿರುವ ಸಂಗತಿ. ಇನ್ನೊಂದು ದಿನ ಇದಕ್ಕೆ ತದ್ವಿರುದ್ಧ. ತೊಟ್ಟಿಯಲ್ಲಿ ನೀರಿದೆಯೆಂದು ನಂಬಿ ಕೂತಿರುತ್ತೇವೆ, ತಳ ಒಣಗಿರುತ್ತದೆ, ಕರೆಂಟೂ ಇರುವುದಿಲ್ಲ. ಎರಡರಲ್ಲೂ ನಷ್ಟ ರಾಸುಗಳಿಗೇ. ಕೆಸರಿನಲ್ಲಿ ಮಲಗುವ ಹಸುವಿಗೆ ಕೆಚ್ಚಲು ಬಾವು ಬೇಗ ತಗಲುತ್ತದೆ. ಹಾಲಿನಲ್ಲಿ ಶೇ. 87ರಷ್ಟು ನೀರೇ ಇರುವುದರಿಂದ, ಕುಡಿಯುವ ನೀರು ಕಡಿಮೆಯಾದರೆ ಹಾಲೂ ಇಳಿಯುತ್ತದೆ.

ನೀರಿನ ಮಟ್ಟ ತೋರಿಸಿ, ತೊಟ್ಟಿ ತುಂಬಿದಾಗ ಕೂಗುವ ಸಣ್ಣ ಯಂತ್ರವೊಂದನ್ನು ಪ್ರೌಢಶಾಲೆಗೆ ಹೋಗುವ ನಿಮ್ಮ ಮಗ ಅಥವಾ ಮಗಳು ಒಂದು ಭಾನುವಾರದಲ್ಲಿ ಮಾಡಬಲ್ಲರು. ನೀವು ಜೊತೆಗೆ ಕುಳಿತರೆ ಸಾಕು.

ಇದು ಕೆಲಸ ಮಾಡುವ ಬಗೆ

ರೇಡಿಯೋಗೆ ನಾವು 'ಟ್ರಾನ್ಸಿಸ್ಟರ್' ಎಂದೇ ಹೆಸರಿಟ್ಟಿದ್ದೆವು. ನಿಜವಾಗಿ ಅದು ರೇಡಿಯೋ ಒಳಗಿನ ಮೂರು ಕಾಲಿನ ಪುಟ್ಟ ಬಿಡಿಭಾಗದ ಹೆಸರು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇದು ಹುಟ್ಟಿತು. ಇದಕ್ಕಾಗಿ ಬಾರ್ಡೀನ್, ಬ್ರಾಟನ್ ಮತ್ತು ಶಾಕ್ಲಿ ಎಂಬ ವಿಜ್ಞಾನಿಗಳಿಗೆ 1956ರ ನೊಬೆಲ್ ಬಹುಮಾನ ದೊರೆಯಿತು.

ಟ್ರಾನ್ಸಿಸ್ಟರನ್ನು ಕೆರೆಯ ತೂಬಿಗೆ ಹೋಲಿಸಬಹುದು. ತೂಬನ್ನು ಎತ್ತಲು ಬೇಕಾದ ಬಲ ಸ್ವಲ್ಪವೇ, ಹರಿಯುವ ನೀರು ಬಹಳ. ಹಾಗೆಯೇ ಇದರ ನಡುವಿನ ಕಾಲಿಗೆ ಅತ್ಯಲ್ಪ ವಿದ್ಯುತ್ ಮುಟ್ಟಿದರೂ, ಉಳಿದೆರಡು ಕಾಲುಗಳ ನಡುವೆ ದೀಪ ಉರಿಸುವಷ್ಟು ವಿದ್ಯುತ್ ಹರಿಯುತ್ತದೆ. ಕೊಳವೆಬಾವಿಯ ನೀರಿನಲ್ಲಿ ಲವಣಗಳು ಕರಗಿರುವುದರಿಂದ ಅದು ಸ್ವಲ್ಪ ವಿದ್ಯುತ್ತನ್ನು ಸಾಗಿಸುತ್ತದೆ. ಆ ಸ್ವಲ್ಪವೇ ತೂಬೆತ್ತಲು ಸಾಕು.

ಬೇಕಾಗುವ ಸಾಮಾನು

1. ಬಿಸಿ 547 ಟ್ರಾನ್ಸಿಸ್ಟರ್ - 3
2. 10 ಕಿಲೋ ಓಮ್ ರೆಸಿಸ್ಟರ್ (ಕಂದು, ಕಪ್ಪು, ಕಿತ್ತಳೆ ಪಟ್ಟಿ) - 3
3. 470 ಓಮ್ ರೆಸಿಸ್ಟರ್ (ಹಳದಿ, ನೇರಳೆ, ಕಂದು ಪಟ್ಟಿ) - 2
4. ಎಲ್‌ಇಡಿ ದೀಪ, ಕೆಂಪು ಒಂದು, ಹಸಿರು ಒಂದು
5. 9 ವೋಲ್ಟಿನ ಸಣ್ಣ ಬಜರ್, 9 ವೋಲ್ಟಿನ ಬ್ಯಾಟರಿ, ಒಂದು ಸ್ವಿಚ್ಚು
6. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು - 4, ಒಂದು ಪಿವಿಸಿ ಪೈಪು, ವೈರು

ಜೋಡಿಸುವ ಕ್ರಮ

ಪೈಪಿನ ತಳದಲ್ಲಿ ಒಂದು ಬೋಲ್ಟು, ಉಳಿದ ಮೂರನ್ನು ತೊಟ್ಟಿಯ ಕಾಲು, ಅರ್ಧ ಹಾಗೂ ತುಂಬಿದ ಮಟ್ಟಕ್ಕೆ ಸರಿಯಾಗಿ ಬಿಗಿಯಿರಿ. ತಳದ ಬೋಲ್ಟಿಗೆ ಬ್ಯಾಟರಿಯ ಧನ ತುದಿಯನ್ನು ಸ್ವಿಚ್ಚಿನ ಮೂಲಕ ಜೋಡಿಸಿ. ಮೇಲಿನ ಪ್ರತಿಯೊಂದು ಬೋಲ್ಟಿನಿಂದ ಒಂದು ವೈರು 10 ಕಿಲೋ ಓಮ್ ರೆಸಿಸ್ಟರ್ ಮೂಲಕ ಒಂದೊಂದು ಟ್ರಾನ್ಸಿಸ್ಟರಿನ ನಡುವಿನ ಕಾಲಿಗೆ ಬರಲಿ.

ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗೂ ಕಾಲುಗಳು ಕೆಳಗೂ ಇರುವಂತೆ ಹಿಡಿದರೆ, ಎಡದ ಕಾಲು ಕಲೆಕ್ಟರ್, ನಡುವಿನದು ಬೇಸ್, ಬಲದ್ದು ಎಮಿಟರ್. ಮೂರೂ ಎಮಿಟರ್‌ಗಳನ್ನು ಬ್ಯಾಟರಿಯ ಋಣ ತುದಿಗೆ ಸೇರಿಸಿ. ಎಲ್‌ಇಡಿಯ ಗಿಡ್ಡ ಕಾಲು ಕಲೆಕ್ಟರಿಗೆ, ಉದ್ದ ಕಾಲು 470 ಓಮ್ ರೆಸಿಸ್ಟರ್ ಮೂಲಕ ಸ್ವಿಚ್ಚಿನಿಂದ ಬರುವ ಧನ ವೈರಿಗೆ. ಕಾಲು ಮಟ್ಟಕ್ಕೆ ಕೆಂಪು, ಅರ್ಧ ಮಟ್ಟಕ್ಕೆ ಹಸಿರು. ತುಂಬಿದ ಮಟ್ಟದ ಟ್ರಾನ್ಸಿಸ್ಟರಿಗೆ ದೀಪದ ಬದಲು ಬಜರ್: ಅದರ ಕಪ್ಪು ವೈರು ಕಲೆಕ್ಟರಿಗೆ, ಕೆಂಪು ವೈರು ಧನ ವೈರಿಗೆ.

ತೊಟ್ಟಿಗೆ ಇಳಿಸುವ ಮೊದಲು ಬಕೆಟ್ಟಿನ ನೀರಿನಲ್ಲಿ ಪರೀಕ್ಷಿಸಿ. ದೀಪ ಉರಿಯದಿದ್ದರೆ ಎಲ್‌ಇಡಿ ತಿರುಗಮುರುಗ ಆಗಿದೆಯೇ, ಟ್ರಾನ್ಸಿಸ್ಟರಿನ ಕಾಲುಗಳು ಅದಲುಬದಲಾಗಿವೆಯೇ, ಬೆಸುಗೆ ಬಿಟ್ಟಿದೆಯೇ ನೋಡಿ. ನೀರು ಇಳಿದರೂ ದೀಪ ಆರದಿದ್ದರೆ ಪೈಪಿನ ಮೇಲೆ ಪಾಚಿ ಅಥವಾ ತೇವ ನಿಂತಿರಬಹುದು, ಒರೆಸಿ. ಬರೀ ಮಳೆನೀರು ತುಂಬಿದಾಗ ಲವಣ ಕಡಿಮೆಯಿರುವುದರಿಂದ ದೀಪ ಮಂಕಾಗುವುದುಂಟು. ಹೀಗೆ ತಪ್ಪು ಹುಡುಕುವುದರಲ್ಲೇ ಮಕ್ಕಳು ಹೆಚ್ಚು ಕಲಿಯುತ್ತಾರೆ. ಆದ್ದರಿಂದ ಮೊದಲ ಸಲ ಕೆಟ್ಟರೆ ಗದರಿಸಬೇಡಿ.

ಮೋಟಾರು ಹಾಕುವಾಗ ಸ್ವಿಚ್ಚು ಹಾಕಿ, ಬಜರ್ ಕೂಗಿದಾಗ ಮೋಟಾರು ನಿಲ್ಲಿಸಿ ಸ್ವಿಚ್ಚನ್ನೂ ಆರಿಸಿ. ಸದಾ ವಿದ್ಯುತ್ ಹರಿಯುತ್ತಿದ್ದರೆ ಬೋಲ್ಟು ಸವೆಯುತ್ತದೆ, ಬ್ಯಾಟರಿಯೂ ಖಾಲಿಯಾಗುತ್ತದೆ. ತಾಮ್ರದ ತಂತಿಯನ್ನು ಬೋಲ್ಟಿನ ಬದಲು ನೀರಿಗಿಳಿಸಬೇಡಿ. ಅದು ಬೇಗ ಕರಗಿ, ರಾಸು ಕುಡಿಯುವ ನೀರಿಗೆ ಸೇರುತ್ತದೆ.

ಎಚ್ಚರಿಕೆಯ ಮಾತು

ಇದನ್ನು ಬ್ಯಾಟರಿಯಿಂದ ಮಾತ್ರ ನಡೆಸಿ. ಗೋಡೆಯ ಪ್ಲಗ್ಗಿನ ಕರೆಂಟು ಯಾವ ರೀತಿಯಲ್ಲೂ ನೀರಿನ ಬಳಿ ಬರಕೂಡದು. ಹಸು ಒದ್ದೆ ನೆಲದ ಮೇಲೆ ಬರಿಗೊರಸಿನಲ್ಲಿ ನಿಂತಿರುತ್ತದೆ. ಅದರ ಮುಂಗಾಲು ಹಿಂಗಾಲುಗಳ ಅಂತರ ಹೆಚ್ಚು, ನಡುವೆ ಹೃದಯವಿದೆ. ಆದ್ದರಿಂದ ಮನುಷ್ಯನಿಗೆ ಜುಮ್ಮೆನಿಸುವಷ್ಟು ಸೋರುವ ಕರೆಂಟೂ ಹಸುವಿನ ಪ್ರಾಣ ತೆಗೆಯಬಹುದು. ಮೋಟಾರು ತಾನಾಗಿ ನಿಲ್ಲುವಂತೆ ಮಾಡಬೇಕೆಂದರೆ ಅದು ಲೈಸೆನ್ಸುಳ್ಳ ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ವೈರಿನಲ್ಲಿ ಕರೆಂಟು ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸ ಮಕ್ಕಳಿಗೆ ಬೀಳದಿರಲಿ.

ಇನ್ನೊಂದು ಮುಖ್ಯ ಸಂಗತಿ. ಈ ಕೆಲಸವನ್ನು ಕೊಟ್ಟಿಗೆಯಲ್ಲಿ ಅಥವಾ ಮೇವಿನ ಬಣವೆಯ ಹತ್ತಿರ ಮಾಡಬೇಡಿ. ರಾಸುಗಳು ಮೇವನ್ನು ಆರಿಸಿ ತಿನ್ನುವುದಿಲ್ಲ, ಸರಿಯಾಗಿ ಅಗಿಯದೆ ನುಂಗುತ್ತವೆ. ನುಂಗಿದ ತಂತಿಯ ಚೂರು ಜೇನುಗೂಡಿನಂತಿರುವ ಎರಡನೆಯ ಹೊಟ್ಟೆಯಲ್ಲಿ ನಿಂತು, ಅದನ್ನು ಚುಚ್ಚಿ, ಮುಂದಿರುವ ಹೃದಯವನ್ನೂ ತಲುಪಬಲ್ಲದು. ಬೆಸುಗೆಯ ತಂತಿಯಲ್ಲಿ ಸಾಮಾನ್ಯವಾಗಿ ಸೀಸವಿರುತ್ತದೆ. ಹಳೆಯ ಟ್ರ್ಯಾಕ್ಟರ್ ಬ್ಯಾಟರಿಯಲ್ಲಂತೂ ಬಹಳ. ರಾಸುಗಳು ಅದನ್ನು ನೆಕ್ಕಿದರೆ ಕಣ್ಣು ಕಾಣದೆ, ನಡುಗಿ, ಸಾಯುವುದುಂಟು.

ಕೆಲಸ ಮುಗಿದ ಮೇಲೆ ಮೇಜಿನ ಮೇಲಿನ ಚೂರುಗಳನ್ನು ಒಂದು ಡಬ್ಬಿಗೆ ತುಂಬಿ ಮುಚ್ಚಳ ಹಾಕಿ. ಕೆಳಗೆ ಬಿದ್ದವುಗಳನ್ನು ಅಯಸ್ಕಾಂತದಿಂದ ಎತ್ತಲು ಹೋಗಬೇಡಿ, ತಾಮ್ರವೂ ಸೀಸವೂ ಅದಕ್ಕೆ ಅಂಟುವುದಿಲ್ಲ. ಹಾಸಿದ ಹಳೆಯ ಬಟ್ಟೆಯನ್ನೇ ಮಡಿಸಿ ಕೊಡವಿ. ಕೈಯನ್ನು ಸೋಪು ಹಾಕಿ ತೊಳೆದ ಮೇಲೆಯೇ ಊಟಕ್ಕಾಗಲಿ, ಹಾಲು ಕರೆಯಲಿಕ್ಕಾಗಲಿ ಹೋಗಿ.