ಅತಿಥಿಯ ಕೋಣೆಗೆ ತಕ್ಕ ವಿದ್ಯುತ್ ಅಗ್ಗಿಷ್ಟಿಕೆ

ಬರುವ ತಿಥಿ ಗೊತ್ತಿಲ್ಲದವನೇ ಅತಿಥಿಯೆಂದು ಪೂರ್ವಿಕರು ಆ ಶಬ್ದಕ್ಕೆ ನಿರ್ವಚನ ಹೇಳಿದ್ದಾರೆ. ಆತನು ತಂಗುವ ಕೋಣೆಯ ಸ್ಥಿತಿಯೂ ಅಂಥದೇ. ಎಂಟು ದಿನ ಅದಕ್ಕೆ ಬೀಗ. ಒಂಬತ್ತನೆಯ ಸಂಜೆ ತೆರೆಯುತ್ತದೆ. ಮರುದಿನ ಬೆಳಗಿಗೆ ಮತ್ತೆ ಬೀಗ. ನಿತ್ಯವೂ ಜನರು ಓಡಾಡುವ ನಡುಮನೆಯನ್ನು ಬೆಚ್ಚಗಿರಿಸುವ ಉಪಾಯ ಒಂದಾದರೆ, ಇಂಥ ಅನಿಯತವಾಸದ ಕೋಣೆಯನ್ನು ಬೆಚ್ಚಗೆ ಮಾಡುವ ಉಪಾಯ ಮತ್ತೊಂದು. ಈ ಭೇದವನ್ನರಿಯದೆ ಹೀಟರು ಕೊಂಡವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಅತಿಥಿಯನ್ನೂ ನಡುಗಿಸುತ್ತಾರೆ.

ಸಂಧಿಸಮಾಸಗಳನ್ನು ಬೋಧಿಸುವವನಿಗೆ ಹೀಟರಿನ ಗೊಡವೆ ಏತಕ್ಕೆಂದು ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು. ನಮ್ಮ ಸೀಮೆಯ ಮಾಗಿಗೆ ಒಂದು ಕಂಬಳಿ ಸಾಕು, ನಿಜ. ಆದರೆ ಈ ಶಾಲೆಯಲ್ಲಿ ಕಲಿತವರು ಇಂದು ದೆಹಲಿಯಲ್ಲಿದ್ದಾರೆ, ದೆಹರಾದೂನಿನಲ್ಲಿದ್ದಾರೆ, ಇಂಗ್ಲೆಂಡಿನಲ್ಲಿಯೂ ಇದ್ದಾರೆ. ಊರಿನಿಂದ ಅವರ ವೃದ್ಧ ತಂದೆತಾಯಿಗಳು ಹೋಗಿ ತಂಗುವುದು ಅತಿಥಿಯ ಕೋಣೆಯಲ್ಲಿಯೇ. ಹಿರಿಯರಿಗೆ ಚಳಿಯೆಂಬುದು ಕೇವಲ ಅನಾನುಕೂಲದ ಮಾತಲ್ಲ. ರಕ್ತದೊತ್ತಡವನ್ನೂ ಹೃದಯದ ಶ್ರಮವನ್ನೂ ಅದು ಏರಿಸುತ್ತದೆ.

ನನಗೆ ಈ ವಿಷಯದಲ್ಲಿ ಪಾಠವಾದದ್ದು ದೆಹಲಿಯ ಒಂದು ಜನವರಿಯಲ್ಲಿ. ಅಲ್ಲಿನ ರಾತ್ರಿಗಳಲ್ಲಿ ಉಷ್ಣತೆಯು 4–5 ಡಿಗ್ರಿ ಸೆಂಟಿಗ್ರೇಡಿಗೆ ಇಳಿಯುವುದುಂಟು. ಮನೆಗಳನ್ನಾದರೋ ಬೇಸಗೆಯ ಬೇಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿರುತ್ತಾರೆ. ವಿದ್ವದ್ಗೋಷ್ಠಿಯೊಂದಕ್ಕಾಗಿ ಹೋಗಿದ್ದ ನನಗೆ ಒಂದು ವಸತಿಗೃಹದಲ್ಲಿ ಬಹುದಿನದಿಂದ ಮುಚ್ಚಿದ್ದ ಕೋಣೆಯನ್ನು ತೆರೆದುಕೊಟ್ಟರು. ಮೂಲೆಯಲ್ಲಿ ಎಣ್ಣೆ ತುಂಬಿದ, ಪಕ್ಕೆಲುಬುಗಳಂತೆ ಮಡಿಕೆಗಳುಳ್ಳ ದೊಡ್ಡ ಹೀಟರು. ರಾತ್ರಿ ಹತ್ತಕ್ಕೆ ಗುಂಡಿಯೊತ್ತಿ, ಶಾಲು ಹೊದ್ದು ಕುಳಿತೆ. ಕೋಣೆಗೆ ಒಂದಿಷ್ಟು ಹಿತ ಬಂದಾಗ ಹನ್ನೆರಡು ದಾಟಿತ್ತು. ಮುಂಜಾನೆ ಐದಕ್ಕೆ ನಾನು ಹೊರಟಾಗ ಆ ಹೀಟರು ತುಂಬು ಬಿಸಿಯಿಂದ ಬರಿದಾದ ಕೋಣೆಗೆ ಉಪಚಾರ ಮಾಡುತ್ತಿತ್ತು.

ಊರಿಗೆ ಮರಳಿ ಇದನ್ನು ನಮ್ಮ ಭೌತಶಾಸ್ತ್ರದ ಅಧ್ಯಾಪಕರಲ್ಲಿ ಹೇಳಿಕೊಂಡೆ. ಅವರು ಸೀಮೆಸುಣ್ಣ ಹಿಡಿದು ಕಪ್ಪುಹಲಗೆಯ ಮೇಲೆ ಮಾಡಿದ ಲೆಕ್ಕವೇ ಈ ಲೇಖನದ ತಿರುಳು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯೊಂದನ್ನು ಭಾವಿಸೋಣ. ಅದರಲ್ಲಿರುವ ಗಾಳಿಯ ತೂಕ ಸುಮಾರು 40 ಕಿಲೋಗ್ರಾಂ. ಈ ಗಾಳಿಯನ್ನು ಹತ್ತು ಡಿಗ್ರಿ ಬಿಸಿಮಾಡಲು ಬೇಕಾದ ವಿದ್ಯುತ್ತು ಒಂದು ಯೂನಿಟ್ಟಿನ ಒಂಬತ್ತನೆಯ ಒಂದು ಪಾಲು ಮಾತ್ರ. 2000 ವಾಟ್‌ನ ಹೀಟರಿಗೆ ಅದು ನಾಲ್ಕು ನಿಮಿಷಗಳೊಳಗಿನ ಕೆಲಸ. ಹಾಗಾದರೆ ಎರಡು ಗಂಟೆ ಕಾದದ್ದೇಕೆ? ಒಂಬತ್ತು ಅಂಗುಲ ದಪ್ಪದ ಇಟ್ಟಿಗೆಯ ನಾಲ್ಕು ಗೋಡೆಗಳು, ಬಾಗಿಲು ಕಿಟಕಿಗಳನ್ನು ಕಳೆದರೂ, 15 ಟನ್ನಿಗೆ ಕಡಿಮೆಯಿಲ್ಲ. ಅವನ್ನು ಅಷ್ಟೇ ಹತ್ತು ಡಿಗ್ರಿ ಏರಿಸಬೇಕಾದರೆ 35 ಯೂನಿಟ್ಟಿಗೂ ಹೆಚ್ಚು ಬೇಕು. ಗಾಳಿಗೆ ಕೊಟ್ಟ ಬಿಸಿಯನ್ನು ಗೋಡೆಗಳು ಹೀರುತ್ತಲೇ ಇರುತ್ತವೆ. ಅಷ್ಟೇ ಅಲ್ಲ, ಗಾಳಿ ಬೆಚ್ಚಗಾದರೂ ನಮ್ಮ ಮೈಯ ಶಾಖವು ವಿಕಿರಣದ ಮೂಲಕ ತಣ್ಣನೆಯ ಗೋಡೆಗಳತ್ತ ಸೋರಿಹೋಗುತ್ತದೆ. ಆದುದರಿಂದಲೇ ಬಹುದಿನ ಮುಚ್ಚಿದ್ದ ಕೋಣೆಯಲ್ಲಿ ಉಷ್ಣಮಾಪಕವು ಇಪ್ಪತ್ತನ್ನು ತೋರಿಸುತ್ತಿದ್ದರೂ ಚಳಿ ಬಿಡದು.

ಯಾವ ಹೀಟರು ಹೆಚ್ಚು ಬಿಸಿ ಕೊಡುತ್ತದೆ ಎಂದು ಅಂಗಡಿಯಲ್ಲಿ ಕೇಳುವುದುಂಟು. ಅದು ತಪ್ಪು ಪ್ರಶ್ನೆ. ವಿದ್ಯುತ್ತು ರೋಧಕದ ತಂತಿಯಲ್ಲಿ ಹರಿದಾಗ ಹುಟ್ಟುವ ಶಾಖದ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ 1841ರಷ್ಟು ಹಿಂದೆಯೇ ಪ್ರಕಟಿಸಿದನು. ಆ ನಿಯಮದಂತೆ ನಡೆಯುವ ಸಾವಿರ ವಾಟ್‌ನ ಹೀಟರು ಯಾವುದೇ ಇರಲಿ, ಗಂಟೆಗೆ ಒಂದು ಯೂನಿಟ್ ನುಂಗಿ ಒಂದು ಯೂನಿಟ್ಟಿನಷ್ಟೇ ಶಾಖವನ್ನು ಕೊಡುತ್ತದೆ. ಬೆಲೆ ಹೆಚ್ಚು ತೆತ್ತರೆ ಶಾಖವೇನೂ ಹೆಚ್ಚದು. ಭೇದವಿರುವುದು ಆ ಶಾಖವು ಎಲ್ಲಿಗೆ ಮೊದಲು ಮುಟ್ಟುತ್ತದೆ, ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬುದರಲ್ಲಿ.

ಮಾಗಿಯ ಮುಂಜಾನೆ ಅಂಗಳದ ಎಳೆಬಿಸಿಲಿನಲ್ಲಿ ಕುಳಿತವನಿಗೆ ಹಿತ. ಎರಡು ಮಾರು ದೂರ ನೆರಳಿನಲ್ಲಿ ಕುಳಿತವನಿಗೆ ನಡುಕ. ಇಬ್ಬರ ಸುತ್ತಲಿನ ಗಾಳಿ ಒಂದೇ. ಸ್ಫಟಿಕದ ಕೊಳವೆಯ ಕ್ವಾರ್ಟ್ಜ್ ಹೀಟರು, ಹ್ಯಾಲೋಜನ್ ಹೀಟರು ಇವು ಆ ಬಿಸಿಲಿನ ಜಾತಿಯವು. ಗುಂಡಿಯೊತ್ತಿದ ಕೆಲವೇ ಕ್ಷಣಗಳಲ್ಲಿ ಕೆಂಪಗೆ ಕಾದು, ಶಾಖದ ಬಹುಭಾಗವನ್ನು ಅವಕೆಂಪು ಕಿರಣಗಳಾಗಿ ಎದುರಿಗಿದ್ದವನ ಮೈಗೆ ನೇರವಾಗಿ ಕಳುಹಿಸುತ್ತವೆ. ಗೋಡೆಯನ್ನು ಒಲಿಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ತಲಾ 400 ವಾಟ್‌ನ ಎರಡು ಕೊಳವೆಗಳ ಹೀಟರು ಒಬ್ಬನು ಕುಳಿತು ಒಂದು ಗಂಟೆ ಓದಲು ಧಾರಾಳವಾಯಿತು, ಖರ್ಚು ಒಂದು ಯೂನಿಟ್ಟಿಗೂ ಕಡಿಮೆ. ಎದ್ದು ಹೋದರೆ ಆರಿಸಿದರಾಯಿತು, ಹಿಂದೆ ಉಳಿದು ವ್ಯರ್ಥವಾಗುವ ಶಾಖ ಅತ್ಯಲ್ಪ. ದೋಷವೆಂದರೆ ಮುಂದೆ ಬಿಸಿ, ಬೆನ್ನಿಗೆ ಚಳಿ. ಮಲಗಿದವನ ಹತ್ತಿರ ಇದನ್ನು ಎಂದಿಗೂ ಉರಿಯಬಿಡಕೂಡದು. ಜಾರಿದ ಹೊದಿಕೆಯ ಅಂಚು ತಾಗಿದರೆ ಅನಾಹುತ.

ಪಂಖದ ಹೀಟರು ಗಾಳಿಯನ್ನು ಬೇಗ ಬಿಸಿಮಾಡುತ್ತದೆ, ಸದ್ದೂ ಮಾಡುತ್ತದೆ. ಚಿಕ್ಕ ಕೋಣೆಯಲ್ಲಿ ಅರ್ಧ ಗಂಟೆಯ ಉಪಯೋಗಕ್ಕೆ ಸರಿ. ಎಣ್ಣೆಯ ಹೀಟರಿನಲ್ಲಿ ಎಣ್ಣೆ ಉರಿಯುವುದೂ ಇಲ್ಲ, ತೀರುವುದೂ ಇಲ್ಲ. ಅದು ಶಾಖವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ವಾಹಕ ಮಾತ್ರ. ಕೆಂಪಗೆ ಕಾದ ತಂತಿ ಹೊರಗೆ ಕಾಣದಿರುವುದರಿಂದ ರಾತ್ರಿಯಿಡೀ ಮಲಗುವ ಕೋಣೆಗೆ ಅದು ಮೂರರಲ್ಲಿ ಉತ್ತಮ. ನನ್ನನ್ನು ನಡುಗಿಸಿದ್ದು ಅದರ ದೋಷವಲ್ಲ, ಹಚ್ಚಿದ ಹೊತ್ತಿನ ದೋಷ. ಅತಿಥಿ ಬರುವ ಎರಡು ಗಂಟೆ ಮೊದಲೇ ಹಚ್ಚಿರಬೇಕಾಗಿತ್ತು. ಹೊರಡುವ ಒಂದು ಗಂಟೆ ಮೊದಲೇ ಆರಿಸಿರಬೇಕಾಗಿತ್ತು. ಟೈಮರು ಇರುವಂಥದನ್ನು ಕೊಂಡರೆ ಈ ಕೆಲಸ ತಾನಾಗಿ ನಡೆಯುತ್ತದೆ. ಯುರೋಪಿನ ಒಕ್ಕೂಟವಂತೂ 2018ರ ಜನವರಿ 1ರಿಂದ ಗೋಡೆಗೆ ಬಿಗಿಯುವ ಹೀಟರುಗಳಿಗೆ ಬರಿಯ ಉಷ್ಣನಿಯಂತ್ರಕ ಸಾಲದೆಂದು ವಿಧಿಸಿದೆ. ಟೈಮರು, ಕೋಣೆಯಲ್ಲಿ ಜನರಿರುವುದನ್ನು ಅರಿಯುವ ಸಾಧನ ಮೊದಲಾದವು ಅಲ್ಲಿ ಬಳಕೆಗೆ ಬಂದಿವೆ.

ಇಂಗ್ಲೆಂಡಿನ ಮಿತ್ರರು ಎಚ್ಚರವಹಿಸಬೇಕಾದ ಇನ್ನೊಂದು ಬಗೆಯುಂಟು. 1978ರಲ್ಲಿ ಅಲ್ಲಿ ರಾತ್ರಿಯ ಏಳು ಗಂಟೆಗಳ ಕಾಲ ಅಗ್ಗದ ದರದಲ್ಲಿ ವಿದ್ಯುತ್ತು ಕೊಡುವ 'ಇಕಾನಮಿ ಸೆವೆನ್' ಎಂಬ ಏರ್ಪಾಡು ಬಂದಿತು. ಆ ಹೊತ್ತಿನಲ್ಲಿ ಇಟ್ಟಿಗೆಗಳನ್ನು ಕಾಯಿಸಿಟ್ಟುಕೊಂಡು ಮರುದಿನವಿಡೀ ಶಾಖ ಬಿಡುವ ಸಂಚಯದ ಹೀಟರುಗಳು ಮನೆಮನೆಗಳಲ್ಲಿವೆ. ಅತಿಥಿಯ ಕೋಣೆಗೆ ಇದರಷ್ಟು ಹೊಂದದ ವಸ್ತುವಿಲ್ಲ. ನಾಳೆ ಬರುವವನ ಚಳಿಯನ್ನು ಇಂದು ರಾತ್ರಿಯೇ ಊಹಿಸಿ ಕಾಯಿಸಬೇಕು, ಬಾರದಿದ್ದರೆ ಎಲ್ಲವೂ ಹಾಳು. ಹಿಮ ಬೀಳುವ ಆ ನಾಡಿನಲ್ಲಿ ಬೀಗ ಹಾಕಿದ ಕೋಣೆಯನ್ನೂ ಪೂರ್ತಿ ತಣ್ಣಗಾಗಗೊಡುವಂತಿಲ್ಲ. ನೀರು ಹೆಪ್ಪುಗಟ್ಟಿದರೆ ಗಾತ್ರದಲ್ಲಿ ಶೇಕಡ 9ರಷ್ಟು ಹಿಗ್ಗಿ ಕೊಳವೆಯನ್ನು ಸೀಳುತ್ತದೆ. ಆದುದರಿಂದ ಹೀಟರಿನ ನಿಯಂತ್ರಕವನ್ನು ಐದಾರು ಡಿಗ್ರಿಗೆ ನಿಲ್ಲಿಸಿ ಬಿಡುವುದು ಅಲ್ಲಿನ ರೂಢಿ.

ಕೋಣೆಯನ್ನಲ್ಲ, ಕುಳಿತವನನ್ನು ಬೆಚ್ಚಗಿರಿಸಬೇಕೆಂಬ ತತ್ತ್ವಕ್ಕೆ ದೊಡ್ಡ ದೃಷ್ಟಾಂತ ಇಟಲಿಯ ಆಲ್ಪ್ಸ್ ಪರ್ವತದ ರೊಕ್ಕಾ ಪಿಯೆತೊರೆ ಎಂಬ ಊರಿನದು. ವಾರಕ್ಕೊಮ್ಮೆ ಜನ ಸೇರುವ ಚರ್ಚಿನ ಎತ್ತರದ ಮಂದಿರವನ್ನು ಬಿಸಿಗಾಳಿಯಿಂದ ಕಾಯಿಸಿದರೆ, ಬಿಸಿಯೆಲ್ಲ ಛಾವಣಿಗೇರುತ್ತದೆ; ಒಮ್ಮೆಲೇ ಬಿಸಿ, ಒಮ್ಮೆಲೇ ಚಳಿಯಾಗಿ ಹಳೆಯ ಮರದ ಕೆತ್ತನೆಗಳೂ ಚಿತ್ರಗಳೂ ಬಿರಿಯುತ್ತವೆ. 2002ರಿಂದ 2005ರವರೆಗೆ ಯುರೋಪಿನ ವಿಜ್ಞಾನಿಗಳು ಅಲ್ಲಿ ಪ್ರಯೋಗ ನಡೆಸಿ, ಜನರು ಕುಳಿತುಕೊಳ್ಳುವ ಮರದ ಪೀಠಗಳಿಗೇ ತೆಳುವಾದ ವಿದ್ಯುತ್ ಹಾಳೆಗಳನ್ನು ಅಳವಡಿಸಿದರು. ಭಕ್ತರಿಗೆ ಬೆಚ್ಚಗಾಯಿತು, ಮಂದಿರವು ತನ್ನ ಸಹಜವಾದ ತಂಪಿನಲ್ಲಿಯೇ ಉಳಿಯಿತು. ಮನೆಯ ಮಟ್ಟಿಗೆ ಇದೇ ಕೆಲಸವನ್ನು ಹಾಸಿಗೆಯ ಮೇಲೆ ಹಾಸುವ ವಿದ್ಯುತ್ ಹಾಸು ಮಾಡುತ್ತದೆ. ಅದರ ಬಳಕೆ ನೂರು ವಾಟ್‌ನ ಆಸುಪಾಸು. ಮಲಗುವ ಅರ್ಧ ಗಂಟೆ ಮೊದಲು ಹಚ್ಚಿದರೆ ಸಾಕು. ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದ ಹಿರಿಯರು ಮಲಗುವ ಮುನ್ನ ಅದನ್ನು ಆರಿಸಲೇಬೇಕು, ಸುಟ್ಟರೂ ಅವರಿಗೆ ತಿಳಿಯದು.

ಇನ್ನು ಪ್ಲಗ್ಗಿನ ಮಾತು. ಅತಿಥಿಯ ಕೋಣೆಗೆ ಸಾಮಾನ್ಯವಾಗಿ ದೊಡ್ಡ ಪ್ಲಗ್ಗಿನ ಯೋಗವಿರುವುದಿಲ್ಲ. 2000 ವಾಟ್‌ನ ಹೀಟರು ಎಳೆಯುವ ಪ್ರವಾಹ ಎಂಟೂವರೆ ಆಂಪಿಯರಿಗೂ ಮೀರಿದ್ದು. ಚಿಕ್ಕ ಸಾಕೆಟ್ಟಿನ ಶಕ್ತಿ 6 ಆಂಪಿಯರ್ ಮಾತ್ರ, ಎಂದರೆ 1380 ವಾಟ್. ದಪ್ಪ ಪಿನ್ನನ್ನು ಚಿಕ್ಕದಕ್ಕೆ ಹೊಂದಿಸುವ ಅಗ್ಗದ ಅಡಾಪ್ಟರನ್ನು ಸಿಕ್ಕಿಸಿ ಕೆಲಸ ಸಾಗಿಸುವವರಿದ್ದಾರೆ. ನಾನು ತಂಗಿದ್ದ ವಸತಿಗೃಹದಲ್ಲಿ ಎರಡನೆಯ ರಾತ್ರಿ ಸುಟ್ಟ ವಾಸನೆ ಬಂದು ಎದ್ದು ನೋಡಿದಾಗ ಅಂಥ ಅಡಾಪ್ಟರಿನ ಒಂದು ಕಿವಿ ಕರಗಿ ಇಳಿದಿತ್ತು. ಹೀಟರು ಕೊಳ್ಳುವ ಮೊದಲು ವಿದ್ಯುತ್ ಕೆಲಸದವನನ್ನು ಕರೆಸಿ 16 ಆಂಪಿಯರಿನ ಸಾಕೆಟ್ಟನ್ನು ಹಾಕಿಸಿರಿ. ಋತುವಿನ ಮೊದಲ ದಿನ ಧೂಳು ಒರೆಸಿ, ತಾವೇ ಎದುರಿಗಿದ್ದು ಅರ್ಧ ಗಂಟೆ ಹಚ್ಚಿ ನೋಡಿರಿ. ಇಷ್ಟೆಲ್ಲ ತೊಡಕೇಕೆಂದು ಇದ್ದಿಲಿನ ಒಲೆಯನ್ನು ಕೋಣೆಯೊಳಗಿಟ್ಟು ಬಾಗಿಲು ಮುಚ್ಚುವವರನ್ನು ಕೈಮುಗಿದು ತಡೆಯಬೇಕು. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಇಂಗಾಲದ ಮೊನಾಕ್ಸೈಡ್ ಅನಿಲದಿಂದ ನಿದ್ರೆಯಲ್ಲಿಯೇ ಸಾಯುವವರ ಸುದ್ದಿ ಬರುತ್ತಲೇ ಇದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವಿದ್ಯುತ್ ಹೀಟರಿನಲ್ಲಿ ಆ ಒಂದು ಭಯವಿಲ್ಲ.

ದೆಹಲಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಈ ಲೆಕ್ಕವನ್ನು ಪತ್ರದಲ್ಲಿ ಓದಿ, ತಂದೆತಾಯಿಗಳು ಬಂದು ತಂಗುವ ಕೋಣೆಗೆ ಟೈಮರಿರುವ ಎಣ್ಣೆಯ ಹೀಟರೊಂದನ್ನೂ ಕ್ವಾರ್ಟ್ಜ್ ಹೀಟರೊಂದನ್ನೂ ತಂದಿರಿಸಿದ್ದಾನೆ. ರೈಲು ಹಜರತ್ ನಿಜಾಮುದ್ದೀನ್ ನಿಲ್ದಾಣವನ್ನು ಮುಟ್ಟುವ ಹೊತ್ತಿಗೆ ದೊಡ್ಡದು ಹೊತ್ತುತ್ತದೆ. ಚಿಕ್ಕದು ತಂದೆಯವರು ಸಂಜೆ ಪತ್ರಿಕೆ ಓದುವ ಕುರ್ಚಿಯ ಮುಂದೆ, ಪಂಚೆಯ ಅಂಚು ತಾಗದಂತೆ ಮೂರಡಿ ದೂರದಲ್ಲಿ ಇರುತ್ತದೆ.